ಚಿಂದಿಯ ಹೊಗೆ

ಗೋಪಣ್ಣ ಸಾವುಕಾರರು ಹಿಂದಿನ ಕಿಟಕಿ ಮುಚ್ಚಿಸಲು ಗಾರೆಯವನನ್ನು ಕರೆತಂದ ದಿನ ಮಂಜುಳ ಅವನಿಗೆ ಚಹಾ ಕಾಸಿಕೊಟ್ಟಿದ್ದಳು. ಮುಂದೆ ನೆನೆದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿದ್ದುದು ಆ ಒಂದು ಲೋಟ ಚಹಾಕ್ಕೆ.

ಅಂದು ಭಾನುವಾರ. ಜೀನ್ಸ್ ಹೊಲಿಯುವ ಯೂನಿಟ್ಟಿಗೆ ರಜೆ. ಸಾವುಕಾರರು ಬಾಗಿಲಾಚೆ ನಿಂತುಕೊಂಡೇ, "ಹಿಂದಿನ ಸಂದಿಯಾಗ ಕಳ್ಳರ ಕಾಟ ಜಾಸ್ತಿ ಆಗೈತವ್ವ. ಗಂಡ ಹೆಂಡ್ತಿ ಇಬ್ರೂ ಕೆಲಸಕ್ಕ ಬರ್ತೀರಿ. ಮನ್ಯಾಗ ಮುದುಕಿ, ಹಾಲುಗೂಸು. ನಿಮ್ಮ ಒಳ್ಳೇದಕ್ಕ ಮಾಡಸಾಕತ್ತೀನಿ," ಎಂದರು. ಮಂಜುಳ ಸೆರಗು ಹೊದ್ದುಕೊಂಡು, "ಹೌದ್ರಿ ಸಾವ್ಕಾರ್ರ, ನಿಮಗ ಪುಣ್ಯ ಬರ್ಲಿ," ಎಂದಳು. ತಮ್ಮ ಮನೆಯಲ್ಲಿ ಕಳ್ಳ ಹೊತ್ತೊಯ್ಯುವಂಥದ್ದು ಏನಿದೆ ಎಂಬ ಪ್ರಶ್ನೆ ಅವಳಿಗೆ ಆಗ ಹೊಳೆಯಲೇ ಇಲ್ಲ. ಗಾರೆಯವನು ಚೌಕಟ್ಟಿನೊಳಗೆ ಇಟ್ಟಿಗೆ ಜೋಡಿಸಿ, ಸಿಮೆಂಟು ಮೆತ್ತಿ, ಚಹಾ ಕುಡಿದು ಹೋದ. ಅಂದಿನಿಂದ ಆ ಮನೆಯಲ್ಲಿ ಹಗಲಿಗೂ ಲೈಟು ಬೇಕಾಯಿತು.

ಮನೆ ಎಂದರೆ ಒಂದೇ ಕೋಣೆ. ರಾಯದುರ್ಗದ ಬೆಟ್ಟದ ಕೆಳಗೆ, ಯೂನಿಟ್ಟಿನ ಬೆನ್ನಿಗೆ ಸಾವುಕಾರರು ಕಟ್ಟಿಸಿದ ಸಾಲು ಮನೆಗಳಲ್ಲಿ ಕೊನೆಯದು. ಮುಂದಿನ ಅರ್ಧದಲ್ಲಿ ಮಲಗುವುದು, ಹಿಂದಿನ ಅರ್ಧದಲ್ಲಿ ಒಲೆ, ಅದರ ಪಕ್ಕಕ್ಕೇ ಬಚ್ಚಲು. ಹಿಂಗೋಡೆಯಲ್ಲಿದ್ದ ಆ ಕಿಟಕಿಯಾಚೆ ಒಬ್ಬರು ಓಡಾಡುವಷ್ಟು ಸಂದಿ. ಸಂದಿಯಾಚೆ, ಈ ಕೊನೆಯ ಮನೆಗೆ ಮಾತ್ರ ಎದುರಾಗಿ, ಸಾವುಕಾರರ ಹೊಸ ಮಹಡಿ ಮನೆ.

ಒಲೆಗೆ ಚಿಂದಿ ಉರಿಸುತ್ತಿದ್ದರು. ಪ್ಯಾಂಟು ಕತ್ತರಿಸಿ ಉಳಿದ ಜೀನ್ಸಿನ ಚಿಂದಿಯನ್ನು ಸಾವುಕಾರರು ಸಾಲು ಮನೆಯವರಿಗೆಲ್ಲ ಚೀಲಗಟ್ಟಲೆ ಪುಕ್ಕಟೆ ಕೊಡುತ್ತಿದ್ದರು. ಊರಲ್ಲಿದ್ದಾಗ ಜಾಲಿ ಕಡ್ಡಿಗಾಗಿ ಹಳ್ಳ ಅಲೆದು ಅಂಗೈ ಸೀಳಿಕೊಂಡ ಮಂಜುಳಗೆ ಅದೊಂದು ಸಿರಿಯಂತೆ ಕಂಡಿತ್ತು. ಗ್ಯಾಸಿನ ಸಿಲಿಂಡರೂ ಇತ್ತು. ಆದರೆ ಅದು ಬೆಳಗಿನ ಚಹಾಕ್ಕೆ, ನೆಂಟರು ಬಂದಾಗಿನ ಮರ್ಯಾದೆಗೆ. ಮುದ್ದೆಗೆ, ಸಾರಿಗೆ, ಸ್ನಾನದ ನೀರಿಗೆ ಚಿಂದಿಯೇ. ಬೇಗ ಹತ್ತಿಕೊಳ್ಳುತ್ತಿತ್ತು, ಆದರೆ ಹೊಗೆ ಕಟ್ಟಿಗೆಯ ಹೊಗೆಯಂತಿರಲಿಲ್ಲ. ಕಪ್ಪಗೆ, ಭಾರವಾಗಿ, ಬಣ್ಣದ ನಾತ ಹೊತ್ತು ಏಳುತ್ತಿತ್ತು. ಕಿಟಕಿ ಇದ್ದಾಗ ಅರ್ಧವಾದರೂ ಸಂದಿಗೆ ಹೋಗುತ್ತಿತ್ತು. ಈಗ ಅದು ಮಾಳಿಗೆಗೆ ಬಡಿದು, ಕೆಳಗಿಳಿದು, ಬಾಗಿಲು ಹುಡುಕುತ್ತ ಮನೆಯೆಲ್ಲ ತಿರುಗಿ, ಹೊರಗೆ ಹೋಗಲು ಮನಸ್ಸಿಲ್ಲದಂತೆ ಅಲ್ಲೇ ಕೂರುತ್ತಿತ್ತು.

ಗುಮ್ಮಘಟ್ಟದ ಆಚೆಯ ಹಳ್ಳಿಯವರು ಅವರು. ಕುರಿ ಹಿಂಡು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಮಂಜುಳಳ ಗಂಡ ರಂಗನಾಥನಿಗೆ ಬಂದದ್ದು ಹಿಂಡು ಅನ್ನಿಸಿಕೊಳ್ಳದಷ್ಟು. ಅವನ್ನೂ ಮಾರಿ ಪಟ್ಟಣಕ್ಕೆ ಬಂದ. ಅವನು ಬಟ್ಟೆ ಕತ್ತರಿಸುವುದಕ್ಕೆ, ಇವಳು ಪಕ್ಕದ ಹೊಲಿಗೆ ಹಾಕುವುದಕ್ಕೆ ಒಂದೇ ಯೂನಿಟ್ಟಿನಲ್ಲಿ ಸೇರಿದರು. ಕೂಸು ಹುಟ್ಟಿದ ಮೇಲೆ ನೋಡಿಕೊಳ್ಳಲು ಅತ್ತೆ ಮೂಕಮ್ಮನನ್ನು ಊರಿಂದ ಕರೆಸಿಕೊಂಡರು. ಹೆಸರು ಮೂಕಮ್ಮನಾದರೂ ಬಾಯಿ ಗಟ್ಟಿ, ಕೈಯೂ ಗಟ್ಟಿ.

ಕೂಸಿಗೆ ಗಂಗೋತ್ರಿ ಎಂದು ಹೆಸರಿಟ್ಟಿದ್ದರು. ಅದರ ಕತ್ತು ನಿಲ್ಲುವ ಹೊತ್ತಿಗೆ ಮಂಜುಳ ಮತ್ತೆ ಮಷೀನಿನ ಮುಂದೆ ಕೂತಾಗಿತ್ತು. ಹಗಲೆಲ್ಲ ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಅತ್ತೆ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ಇತ್ತ ಮಷೀನಿನ ಮುಂದೆ ಕೂತವಳ ಎದೆ ಕಟ್ಟಿ, ಹಾಲು ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಒದ್ದೆಯಾದ ಜಾಗಕ್ಕೆ ಬಟ್ಟೆಯ ನೀಲಿ ದೂಳು ಅಂಟಿ ಒಣಗಿ ಚಕ್ಕೆಯಾಗುತ್ತಿತ್ತು. ಸಂಜೆ ಹಾಗೇ ಓಡಿಬಂದು ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಳ್ಳುವಳು. ಬರಬರುತ್ತ ಕೂಸು ಬಾಟಲಿಗೆ ರೂಢಿಯಾಗಿ ಮೊಲೆಗೆ ಮುಖ ತಿರುವತೊಡಗಿತು. ಹಾಲೂ ಬತ್ತಿತು. ಅತ್ತೆ, "ಬಿಡವ್ವ, ನಿನ್ನ ಮೈತುಂಬ ಆ ದೂಳು. ಅದನ್ನರ ಯಾಕ ಕುಡಸ್ತಿ?" ಎಂದಳು. ಮಂಜುಳಗೆ ಅಳು ಬಂದರೂ ಒಳಗೊಳಗೆ ಒಂದು ಗಂಟು ಕಳಚಿದಂತೆಯೂ ಆಗಿತ್ತು. ಅದು ಯಾರ ಮುಂದೆಯೂ ಹೇಳಿಕೊಳ್ಳುವ ಮಾತಾಗಿರಲಿಲ್ಲ.

ದೀಪಾವಳಿ ಕಳೆದು ಚಳಿ ಬಿತ್ತು. ಚಳಿಗೆ ಹೆದರಿ ಮೂಕಮ್ಮ ಮುಂಬಾಗಿಲನ್ನೂ ಮುಚ್ಚಿ, ಒಲೆಯ ಮುಂದೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಲ್ಲೇ ಬೆಚ್ಚಗೆ, ಅಲ್ಲೇ ಜೋಗುಳ. ಕೆಲವೇ ದಿನಕ್ಕೆ ಗಂಗೋತ್ರಿಗೆ ಕೆಮ್ಮು ಹತ್ತಿತು.

"ಹಲ್ಲು ಬರೋ ಕೆಮ್ಮು ಅದು," ಎಂದಳು ಮೂಕಮ್ಮ. ಓಣಿಯ ತುದಿಯ ಡಾಕ್ಟರು ಒಂದು ಇಂಜೆಕ್ಷನ್ನು ಚುಚ್ಚಿ ಕೆಂಪು ಸಿರಪ್ಪು ಕೊಟ್ಟ. ಎರಡು ದಿನ ಕೂಸು ಮಂಪರಿನಲ್ಲಿ ಮಲಗಿತು; ಗುಣವಾಯಿತೆಂದು ಎಲ್ಲರೂ ನಂಬಿದರು. ಆಮೇಲೆ ಕೆಮ್ಮು ಮರಳಿತು, ಜತೆಗೆ ಜ್ವರ ತಂದಿತು.

ಒಂದು ಸಂಜೆ ಮಂಜುಳ ಮನೆಗೆ ಬಂದಾಗ ಕೂಸಿನ ಅಳು ಗಂಟಲಲ್ಲೇ ಸವೆದುಹೋದಂತಿತ್ತು. ಒದ್ದೆ ಬಟ್ಟೆ ಬದಲಿಸಲು ಅಂಗಿ ಎತ್ತಿದಳು. ಹೊಕ್ಕಳ ಸುತ್ತ ಸುಟ್ಟ ಗುರುತು, ಹಸಿಯಾಗಿ, ಅರಿಶಿನ ಮೆತ್ತಿಕೊಂಡಿತ್ತು.

"ಅತ್ತಿ, ಇದೇನಿದು?"

"ನಾಟಿ ಮದ್ದು ಮಾಡೋ ಮೈಲಾರಮ್ಮನ ಕರಿಸಿದ್ದೆ. ಬಳಿ ಚೂರು ಕಾಸಿ ಬರಿ ಇಟ್ಟು ಹೋದ್ಲು. ಪಕ್ಕಿ ಎಳ್ಯಾಕತ್ತಿತ್ತವ್ವ ಕೂಸಿಗೆ. ಪಕ್ಕಿ ಎಳದ್ರ ಬರಿನ ಮದ್ದು."

"ನನ್ನ ಒಂದು ಮಾತು ಕೇಳಬಾರದಾಗಿತ್ತೇನು? ಕೂಸಿನ ಮೈ ಸುಡಾಕ ನಿಮಗ ಕೈಯರ ಹೆಂಗ ಬಂತು?"

ಮೂಕಮ್ಮನ ಮುಖ ಗಡುಸಾಯಿತು. "ನಿನ್ನ ಗಂಡನ ಹೊಟ್ಟಿ ಮ್ಯಾಲ ನೋಡು, ಅದ ಬರಿ ಐತಿ. ಬದಕ್ಯಾನಿಲ್ಲೋ? ಕೆಲಸಕ್ಕ ಹೋಗಾಕಿ ನೀನು, ದಿನಾ ಕೂಸಿನ ಒದ್ದಾಟ ನೋಡಾಕಿ ನಾನು."

ರಂಗನಾಥ ಬಾಗಿಲಲ್ಲಿ ಕೂತು ಬೀಡಿ ಹಚ್ಚಿದ್ದ. ಅದರ ಹೊಗೆ ಒಳಗೇ ಬರುತ್ತಿತ್ತು.

ಮರುದಿನ ಬೆಳಗ್ಗೆ ಗಂಗೋತ್ರಿ ಬಾಟಲಿಯನ್ನೂ ಒಲ್ಲೆ ಎಂದಿತು. ಉಸಿರೆಳೆದಾಗ ಪಕ್ಕೆಯ ಕೆಳಗೆ ಕುಳಿ ಬಿದ್ದು ಏಳುತ್ತಿತ್ತು, ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಮಂಜುಳ ರಜೆ ಕೇಳಲು ಯೂನಿಟ್ಟಿಗೆ ಓಡಿದಳು. ಸಾವುಕಾರರು ಮಾಲು ತುಂಬುವ ಗಾಡಿಯ ಪಕ್ಕ ನಿಂತಿದ್ದರು.

"ಇವತ್ತ ಲೋಡು ಹೊಂಟೈತವ್ವ. ನಿನ್ನ ಮಷೀನು ನಿಂತ್ರ ಹಿಂದಿನೋರೆಲ್ಲ ನಿಲ್ಲಬೇಕಾಕ್ಕತಿ. ಮಧ್ಯಾಹ್ನದ ಮಟ ಮುಗಿಸಿಕೊಟ್ಟು ಹೋಗು. ಚಳಿಗಾಲದಾಗ ಕೆಮ್ಮದ ಕೂಸು ಎಲ್ಲರ ಐತೇನು?"

ಮಂಜುಳ ಕೂತಳು. ಯಾರೂ ಅವಳ ಕೈಕಾಲು ಕಟ್ಟಿರಲಿಲ್ಲ. ಕೂತು ಹೊಲಿದಳು, ಹೊಲಿಗೆ ಒಂದೂ ತಪ್ಪಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಕೂಸು ಒಲೆಯ ಮುಂದೆ ಅತ್ತೆಯ ಮಡಿಲಲ್ಲಿತ್ತು. ತುಟಿಯ ಸುತ್ತ ನೀಲಿ. ಜೀನ್ಸಿನ ಬಣ್ಣ ಹತ್ತಿದೆ ಎಂದುಕೊಂಡು ಮಂಜುಳ ಸೆರಗಿನ ತುದಿಗೆ ಉಗುಳು ಹಚ್ಚಿ ಒರೆಸಿದಳು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಒರೆಸಿದಳು. ಆಗ ಅವಳಿಗೆ ಅದು ಬಣ್ಣವಲ್ಲ ಎಂದು ತಿಳಿಯಿತು. ಕೂಸನ್ನು ಅವುಚಿಕೊಂಡು, ಚಪ್ಪಲಿ ಮೆಟ್ಟದೆ ಆಸ್ಪತ್ರೆಗೆ ಓಡಿದಳು.

ಊರಿನ ಆಸ್ಪತ್ರೆಯ ಡಾಕ್ಟರಮ್ಮ ತೆಲುಗಿನವರು. ಎದೆಗೆ ನಳಿಕೆ ಇಟ್ಟು ಕೇಳಿ, "ನಿಮ್ಮು ಚೇಸಿಂದಮ್ಮಾ," ಎಂದರು. ಎದೆಯೊಳಗೆ ತೇವ ಇಳಿದಿದೆ, ನ್ಯುಮೋನಿಯಾ. ಇಲ್ಲಿ ಆಗುವುದಿಲ್ಲ, ತಡಮಾಡದೆ ಬಳ್ಳಾರಿಗೆ ಒಯ್ಯಿರಿ ಎಂದರು. ಅಂಬುಲೆನ್ಸು ಬೇರೆ ಊರಿಗೆ ಹೋಗಿತ್ತು. ಸುದ್ದಿ ತಿಳಿದು ಅಲ್ಲಿಗೆ ಬಂದಿದ್ದ ರಂಗನಾಥ ಮತ್ತೆ ಯೂನಿಟ್ಟಿಗೆ ಓಡಿದ. ಆಗ ಬಂದದ್ದು ಗೋಪಣ್ಣ ಸಾವುಕಾರರ ಕಾರು; ನಡೆಸಿದವರೂ ಅವರೇ. ಲೋಡು ಬಿಟ್ಟು ಬಂದಿದ್ದರು. ದಾರಿಯುದ್ದಕ್ಕೂ ಹಾರ್ನು ಒತ್ತುತ್ತ, ಎದುರಿನ ಅದಿರು ಲಾರಿಗಳಿಗೆ ಬೈಯುತ್ತ, "ಹೆದರಬ್ಯಾಡವ್ವ, ಮುಟ್ಟಸ್ತೀನಿ," ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ಮಂಜುಳ ಅವರ ತಲೆಯ ಹಿಂಭಾಗಕ್ಕೆ ಕೈ ಮುಗಿದಳು. ದೇವರು ಹೀಗೇ ಬರುತ್ತಾನೆ ಎಂದುಕೊಂಡಳು.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಗಂಗೋತ್ರಿಯ ಮೂಗಿಗೆ ನಳಿಕೆ ಹಾಕಿದರು, ಕೈಯ ನರ ಸಿಗದೆ ಕಾಲಿಗೆ ಸೂಜಿ ಚುಚ್ಚಿದರು. ಸಾಲು ಮಂಚಗಳ ಮೇಲೆ ಅಂಥವೇ ಕೂಸುಗಳು. ಎಲ್ಲ ಹಳ್ಳಿಯವು, ಎಲ್ಲದರ ಪಕ್ಕೆಯಲ್ಲೂ ಅದೇ ಕುಳಿ. ಎಳೆ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬಂದು ಕೇಳತೊಡಗಿದರು. ಎದೆಹಾಲು ಎಷ್ಟು ದಿನ ಕುಡಿಸಿದಿ? ಸೂಜಿಗಳೆಲ್ಲ ಹಾಕಿಸೀರೇನು? ಒಂದ ಕೋಣ್ಯಾಗ ಎಷ್ಟು ಮಂದಿ ಮಲಗ್ತೀರಿ? ಮನ್ಯಾಗ ಯಾರರ ಬೀಡಿ ಸೇದ್ತಾರೇನು? ಒಲಿ ಎಲ್ಲೈತಿ, ಏನು ಉರಸ್ತೀರಿ?

ಒಂದೊಂದು ಪ್ರಶ್ನೆಯೂ ಕೆನ್ನೆಗೆ ಬಿದ್ದಂತೆ ಬಿತ್ತು. ಲಸಿಕೆಯ ಸೂಜಿ ಹಾಕುವವರು ಓಣಿಗೆ ಬರುತ್ತಿದ್ದುದು ಮಂಜುಳ ಕೆಲಸಕ್ಕೆ ಹೋದ ಮೇಲೆ. ಸೂಜಿ ಹಾಕಿದರೆ ಜ್ವರ ಬಂದು ಕೂಸು ಅಳುತ್ತದೆ ಎಂದು ಮೂಕಮ್ಮ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಬೀಡಿಯ ಮಾತಿಗೆ ರಂಗನಾಥ ತಲೆ ತಗ್ಗಿಸಿದ. ಚಿಂದಿಯ ಮಾತು ಬಂದಾಗ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಬಣ್ಣ ಹಾಕಿದ ಬಟ್ಟಿ ಉರಸ್ತೀರಾ? ಮುಚ್ಚಿದ ಮನ್ಯಾಗ? ಕೂಸಿನ ಮುಂದ?"

"ಯಾವುದರಿಂದ ಆತ್ರಿ ಅಕ್ಕಾರ?" ಎಂದು ಮಂಜುಳ ಕೇಳಿದಳು. ಯಾವುದಾದರೂ ಒಂದನ್ನು ಹೇಳಿದರೆ ಸಾಕು, ಅದೊಂದನ್ನೇ ಹಿಡಿದು ಎದೆ ಬಡಿದುಕೊಳ್ಳಬಹುದು ಎಂಬಂತೆ.

"ಒಂದರಿಂದ ಅಂತ ಹೆಂಗ ಹೇಳ್ಲವ್ವ? ಹಾಲು ತಪ್ಪಿತು, ಸೂಜಿ ತಪ್ಪಿತು, ಹೊಗಿ ಸೇರಿತು. ಎಲ್ಲಾ ಕೂಡಿ ಕೂಸಿನ ಎದಿ ಮ್ಯಾಲ ಕೂತಾವ."

ಬಸ್ಸು ಹಿಡಿದು ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತಿದ್ದ ಮೂಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕೂಸು ಉಳಿಯಿತು. ನಳಿಕೆ ತೆಗೆದ ದಿನ ಸಾವುಕಾರರ ಸೊಸೆ ಸೌಭಾಗ್ಯ ಹಣ್ಣು, ಬ್ರೆಡ್ಡು ಹಿಡಿದು ನೋಡಲು ಬಂದಳು. ಒಳ್ಳೆಯ ಹುಡುಗಿ. ಬಂದವಳೇ ಆಸ್ಪತ್ರೆಯ ಮಂಚ ಎನ್ನದೆ ಅಂಚಿಗೆ ಕೂತು ಗಂಗೋತ್ರಿಯ ಕಾಲು ಸವರಿದಳು.

"ಅಯ್ಯೋ ಪಾಪ, ಎಷ್ಟು ಬಡಕಾಗ್ಯಾಳ. ನಮ್ಮ ಹುಡುಗಗೂ ಹಿಂಗ ಆಗ್ತಿತ್ತು ಮಂಜುಳ. ದಿನಾ ಗೊರಗೊರ ಅಂತಿದ್ದ. ಅನಂತಪುರದ ಡಾಕ್ಟ್ರು ಮನಿ ಸುತ್ತ ಹೊಗಿ ಐತೇನು ಅಂತ ಕೇಳಿದ್ರು. ಆಮ್ಯಾಲ ನಮ್ಮ ಮಾವ ಆ ಸಂದಿ ಕಡಿ ಕಿಟಕಿ ಮುಚ್ಚಿಸಿದ್ರು ನೋಡು, ಅವತ್ತಿಂದ ಒಂದು ಕೆಮ್ಮು ಇಲ್ಲ ಹುಡುಗಗ. ಹೊಗಿನ ಕಾರಣ. ನೀನೂ ಹುಷಾರಾಗಿರವ್ವ."

ಮಂಜುಳಗೆ ಮೊದಲು ಅರ್ಥವಾಗಲಿಲ್ಲ. "ಯಾವ ಕಿಟಕಿ?" ಎಂದಳು.

"ನಿಮ್ಮದ," ಎಂದಳು ಸೌಭಾಗ್ಯ. ಹೇಳಿದ ಮೇಲೆ ಅವಳ ಕೈ ಕೂಸಿನ ಕಾಲ ಮೇಲೆ ಹಾಗೇ ನಿಂತಿತು. ತಾನು ಏನು ಹೇಳಿದೆ ಎಂಬುದು ಅವಳ ಮುಖದಲ್ಲಿ ನಿಧಾನವಾಗಿ ಮೂಡಿತು. "ಮತ್ತ ನಾನು ಬರ್ತೀನಿ, ಬಸ್ಸು ಹೋಗ್ತತಿ," ಎಂದು ಎದ್ದಳು.

ಕಳ್ಳರ ಕಾಟ ಎಂದಿದ್ದರು. ನಿಮ್ಮ ಒಳ್ಳೆಯದಕ್ಕೆ ಎಂದಿದ್ದರು. ಹೊಗೆ ಎಳೆಯ ಎದೆಗೆ ಏನು ಮಾಡುತ್ತದೆ ಎಂಬುದು ಗೊತ್ತಿದ್ದೇ ಅದನ್ನು ಇತ್ತ ತಿರುಗಿಸಿದ್ದರು. ಆ ಮನುಷ್ಯನ ಕಾರಿನಲ್ಲಿ ಅವಳು ಕೈ ಮುಗಿದುಕೊಂಡು ಬಂದಿದ್ದಳು. ಅವಳಿಗೆ ಸಿಟ್ಟು ಬರುವ ಮೊದಲು ನಾಚಿಕೆ ಬಂತು.

ಬಿಡುಗಡೆಯ ದಿನ ಡಾಕ್ಟರಮ್ಮ, "ಇದರ ಎದಿ ಇನ್ನ ಭಾಳ ದಿನ ಮೆತ್ತಗಿರ್ತತಿ. ಇನ್ನೊಂದು ಸರ್ತಿ ಹಿಂಗಾದ್ರ ತಡಕೊಳ್ಳಾಂಗಿಲ್ಲ. ಹೊಗಿ ಇರೋ ಮನಿಗೆ ಒಯ್ಯಬ್ಯಾಡ್ರಿ," ಎಂದರು. ಒಯ್ಯಲು ಇನ್ನೊಂದು ಮನೆ ಇದೆಯೇ ಎಂದು ಅವರು ಕೇಳಲಿಲ್ಲ. ಕೇಳಿ ಅವರಾದರೂ ಏನು ಮಾಡಿಯಾರು?

ರಾಯದುರ್ಗಕ್ಕೆ ಬಂದವಳೇ ಮಂಜುಳ ಸಾವುಕಾರರ ಮನೆಗೆ ಹೋದಳು. ರಂಗನಾಥ ಬೇಡವೆಂದರೂ ಕೇಳಲಿಲ್ಲ. ಗೋಪಣ್ಣ ವರಾಂಡದಲ್ಲಿ ಕೂತು ಪೇಪರು ಓದುತ್ತಿದ್ದರು.

"ಕೂಸು ಹುಷಾರೇನವ್ವ?"

"ನಿಮ್ಮ ಕಾರಿನ ಪುಣ್ಯದಿಂದ ಬದುಕೈತ್ರಿ. ಆ ಕಿಟಕಿ ತಗಿಸಿಕೊಡ್ರಿ ಸಾವ್ಕಾರ್ರ. ಹೊಗಿ ಹೊರಗ ಹೋಗವಲ್ದು."

ಸಾವುಕಾರರು ಪೇಪರು ಮಡಿಸಿದರು. ಕಳ್ಳರ ಮಾತನ್ನು ಮತ್ತೆ ಎತ್ತಲಿಲ್ಲ. "ಮಾಳಗಿ ಸೋರಿದ್ರ ಹೇಳು, ತಗಡು ಹಾಕಸ್ತೀನಿ. ಬಚ್ಚಲ ಕಟ್ಟಿದ್ರ ಹೇಳು, ಮಾಡಸ್ತೀನಿ. ಕಿಟಕಿ ಮಾತ್ರ ಕೇಳಬ್ಯಾಡ. ನನಗಿರೋನು ಒಬ್ಬ ಮೊಮ್ಮಗ."

"ನನಗೂ ಒಂದ ಕೂಸ್ರಿ."

"ಇಲ್ಲ ಅಂದೋರ್ಯಾರು? ಚಿಂದಿ ಉರಸಬ್ಯಾಡ, ಗ್ಯಾಸು ಹಚ್ಚು."

"ನೀವ ಕೊಟ್ಟಿದ್ರಲ್ರಿ ಚಿಂದಿ."

"ಕೊಟ್ಟದ್ದು ತಪ್ಪಾತೇನು? ಸರಿ, ಒಲಿ ಹೊರಗ ಹಾಕ್ಕೋ," ಎಂದವರು ಮರುಗಳಿಗೆಯಲ್ಲೇ ನೆನಪಿಸಿಕೊಂಡು, "ಮುಂದ ಬ್ಯಾಡ ಮತ್ತ, ಅಲ್ಲಿ ಮಾಲಿನ ಗಾಡಿ ನಿಲ್ತಾವ. ಒಂದು ಕಿಡಿ ಹಾರಿದ್ರ ಎಲ್ಲಾ ಬೂದಿ," ಎಂದರು.

ಮಂಜುಳ ಮನೆಗೆ ಬಂದಳು. ಮೆಣಸು ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದಳು. ಮೂಕಮ್ಮ, "ಏಯ್, ಏನ ಮಾಡ್ತಿ?" ಎಂದು ಕೂಸನ್ನು ಎತ್ತಿಕೊಂಡು ಹೊರಗೆ ಸರಿದಳು. ಮೊದಲ ಏಟಿಗೆ ಸಿಮೆಂಟು ಉದುರಿತು. ಸಾವುಕಾರರು ಸಿಮೆಂಟಿಗೆ ಮರಳೇ ಹೆಚ್ಚು ಕಲೆಸಿಸಿದ್ದರು. ಇಟ್ಟಿಗೆಗಳು ಒಂದೊಂದೇ ಜಾರಿ ಸಂದಿಗೆ ಬಿದ್ದವು. ಅವಳು ನಿಲ್ಲಿಸಲಿಲ್ಲ. ಕಡೆಯ ಇಟ್ಟಿಗೆ ಬಿದ್ದಾಗ ಎದುರಿನ ಮಹಡಿ ಮನೆಯ ಕಿಟಕಿಯಲ್ಲಿ ಸೌಭಾಗ್ಯ ನಿಂತಿದ್ದಳು. ಸೊಂಟದ ಮೇಲೆ ಅವಳ ಮಗ ಇದ್ದ, ದೂಳಿಗೆ ಕೆಮ್ಮುತ್ತಿದ್ದ.

ಇಬ್ಬರ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ದೂರ.

"ಇವನೂ ಕೂಸ ಅಲ್ಲೇನ ಮಂಜುಳ?" ಎಂದಳು ಸೌಭಾಗ್ಯ. ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು, ಬೇಡಿಕೊಂಡ ಮಾತು.

ಮಂಜುಳಳ ಕೈಯಲ್ಲಿ ಗುಂಡುಕಲ್ಲು ಹಾಗೇ ಇತ್ತು. ಸಾವುಕಾರರ ಮುಂದೆ ಆಡಬೇಕಾಗಿದ್ದ ಮಾತು ನೂರು ಇತ್ತು, ಈ ಹುಡುಗಿಯ ಮುಂದೆ ಒಂದೂ ಇರಲಿಲ್ಲ. ಸೌಭಾಗ್ಯ ತನ್ನ ಕಿಟಕಿಯ ಬಾಗಿಲು ಎಳೆದುಕೊಂಡಳು.

ಸಂಜೆಯ ಹೊತ್ತಿಗೆ ಓಣಿಗೆಲ್ಲ ಸುದ್ದಿಯಾಯಿತು. ಕೂಸಿನ ಜೀವ ಉಳಿಯಲೆಂದು ಕಾರು ಕೊಟ್ಟವರ ಗೋಡೆಯನ್ನೇ ಒಡೆದಳಂತೆ. ಉಂಡ ಮನೆಯ ಗಳ ಎಣಿಸಿದಳಂತೆ. ಜತೆಗೆ ಹೊಲಿಯುವ ಹೆಂಗಸರು, ಅದೇ ಸಾಲಿನಲ್ಲಿ ಅದೇ ಹೊಗೆ ಕುಡಿಯುವವರು, ಅವಳನ್ನು ಕಂಡು ಮುಖ ತಿರುಗಿಸಿದರು. ಮನೆ ಬಿಡಿ ಎಂದು ಸಾವುಕಾರರು ಹೇಳಿಕಳಿಸಿದರು, ಕೆಲಸವೂ ಹೋಯಿತು. ಬೇರೆ ಯೂನಿಟ್ಟುಗಳ ಬಾಗಿಲಿಗೆ ಹೋದರೆ, "ಗೋಪಣ್ಣನ ಗ್ವಾಡಿ ಒಡದಾಕಿ ನೀನ ಅಲ್ಲೇನು?" ಎಂದು ನಕ್ಕು ಕಳಿಸಿದರು.

"ಸಮಾಧಾನ ಆತೇನು ಈಗ?" ಎಂದ ರಂಗನಾಥ. ಗುಮ್ಮಘಟ್ಟದ ಆಟೋದಲ್ಲಿ, ಗಂಟುಮೂಟೆಯ ಮೇಲೆ ಕೂತು, ಊರು ಮುಟ್ಟುವ ತನಕ ಅವನು ಆಡಿದ್ದು ಅದೊಂದೇ ಮಾತು.

ಹಳ್ಳಿಯ ಮನೆ ತಗಡಿನದು. ಒಳಗೆ ಕಿಟಕಿ ಎಂಬುದೇ ಇರಲಿಲ್ಲ. ಇಡುವ ರೂಢಿಯೇ ಇರಲಿಲ್ಲ. ಜತೆಗೆ ತಂದ ಗ್ಯಾಸಿನ ಸಿಲಿಂಡರು ಖಾಲಿಯಾಗಿತ್ತು, ತುಂಬಿಸಲು ದುಡ್ಡಿರಲಿಲ್ಲ. ಮಂಜುಳ ಅಂಗಳದ ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಮೂಕಮ್ಮ ಬಾಗಿಲಲ್ಲಿ ನಿಂತು, "ಸತ್ತ ಮನ್ಯಾಗ ಒಲಿ ಹೊರಗ ಹಾಕ್ತಾರ. ನಮ್ಮ ಮನ್ಯಾಗ ಯಾರು ಸತ್ತಾರಂತ?" ಎಂದಳು.

"ಯಾರೂ ಸಾಯಬಾರದು ಅಂತ ಹಾಕಾಕತ್ತೀನಿ ಅತ್ತಿ."

ಸ್ವಲ್ಪ ಹೊತ್ತಿಗೆ ಮೂಕಮ್ಮ ಬಂದು ಕಲ್ಲು ಅಲುಗದಂತೆ ಮಣ್ಣು ಮೆತ್ತತೊಡಗಿದಳು. ಮೆತ್ತುತ್ತ ಮೆತ್ತುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು: "ನಿನ್ನ ಗಂಡಗಿಂತ ಮೊದಲ ನನಗ ಎರಡು ಹುಟ್ಟಿದ್ವು. ಎರಡೂ ಹಿಂಗ, ಪಕ್ಕಿ ಎಳದು ಎಳದು ಹೋದ್ವು. ಗಾಳಿ ಸೋಕೈತಿ ಅಂದ್ರು, ಅಮಾಸಿ ಅಂದ್ರು, ನನ್ನ ಹಾಲ ವಿಷ ಅಂದ್ಲು ನಮ್ಮತ್ತಿ. ಹೊಗಿ ಅಂತ ಒಬ್ಬರರ ಅನಲಿಲ್ಲ ನೋಡವ್ವ. ನಾ ಅವುನ್ನ ಒಲಿ ಮುಂದ ಮಲಗಿಸಿಕೊಂಡು ಕುಂದ್ರತಿದ್ದೆ, ಬೆಚ್ಚಗಿರ್ಲಿ ಅಂತ."

ಮಂಜುಳ ಅತ್ತೆಯ ಕಡೆ ನೋಡಿದಳು. ಬರೆ ಇಡಿಸಿದವಳ ಮೇಲೆ ಇಟ್ಟುಕೊಂಡಿದ್ದ ದ್ವೇಷವನ್ನು ಎಲ್ಲಿ ಇಳಿಸುವುದೋ ತಿಳಿಯದೆ, ಇನ್ನೊಂದು ಹಿಡಿ ಮಣ್ಣು ಕಲೆಸಿ ಕೊಟ್ಟಳು.

ಕೂಲಿ ಇಲ್ಲದ ಊರಲ್ಲಿ ಬಹಳ ದಿನ ಕೂರಲಾಗಲಿಲ್ಲ. ರಂಗನಾಥ ಬಟ್ಟೆ ಕತ್ತರಿಸುವ ಕೆಲಸ ಹುಡುಕಿ ಬಳ್ಳಾರಿಗೆ ಹೋದ. ಮಂಜುಳಗೆ ಮಡಕಶಿರದ ಕಡೆ ಕೊಟ್ಟಿದ್ದ ಅಕ್ಕ ಆದಿಲಕ್ಷ್ಮಿಯ ನೆನಪಾಯಿತು. ಅವಳ ಊರಿನಿಂದ ದಿನವೂ ಹೆಂಗಸರನ್ನು ತುಂಬಿಕೊಂಡು ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ವ್ಯಾನು ಹೋಗುತ್ತಿತ್ತು. ಮದುವೆಯಾಗಿ ಹೋದ ಮೇಲೆ ಅಕ್ಕನ ನಾಲಿಗೆಗೆ ಆ ಸೀಮೆಯ ಮಾತೇ ಬಂದುಬಿಟ್ಟಿತ್ತು. ಫೋನಿನಲ್ಲಿ, "ಬಾರೆ ಮಂಜಿ, ನಮ್ಮನೇಲೇ ಇರೀವಂತೆ. ಮಗೂನ ಮಾತ್ರ ಕರ್ಕೊಂಡು ಬರಬ್ಯಾಡ ಕಣೆ. ಹಗಲೊತ್ತು ನೋಡೋರು ಯಾರವ್ರೆ? ನಾವೆಲ್ಲ ರೇಷ್ಮೆ ಹುಳದ ಹಿಂದೆ ಇರ್ತೀವಿ," ಎಂದಳು.

ಮಂಜುಳ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ತಪ್ಪಿದ್ದ ಸೂಜಿಯನ್ನು ಗುಮ್ಮಘಟ್ಟದ ಆಸ್ಪತ್ರೆಯಲ್ಲಿ ಹಾಕಿಸಿದ್ದಳು. ಒಲೆ ಹೊರಗೇ ಇರಬೇಕು ಎಂದು ಅತ್ತೆಯಿಂದ ಮೈಲಾರಲಿಂಗನ ಆಣೆ ಹಾಕಿಸಿಕೊಂಡಳು.

ಅಕ್ಕನ ಮನೆಯ ಹಿತ್ತಲಲ್ಲಿ ಹುಳ ಸಾಕುವ ಮನೆ ಬೇರೆಯೇ ಇತ್ತು. ಎತ್ತರದ ಮಾಡು, ಎದುರುಬದುರು ದೊಡ್ಡ ಕಿಟಕಿ, ಕಿಟಕಿಗೆ ಸೊಳ್ಳೆ ಪರದೆ, ಮೇಲೆ ಗಾಳಿ ಹೋಗುವ ಕಂಡಿ. ಬಾಗಿಲಲ್ಲಿ ಕಾಲು ತೊಳೆದೇ ಒಳಗೆ ಹೋಗಬೇಕು. ಒಳಗೆ ತಟ್ಟೆ ತಟ್ಟೆಯಲ್ಲಿ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತ, ಸಣ್ಣ ಮಳೆ ಬಿದ್ದಂಥ ಸದ್ದು ಮಾಡುತ್ತಿದ್ದವು. ಹೋದ ಮೊದಲ ದಿನ ಮಂಜುಳ ಹಿತ್ತಲಲ್ಲಿ ಬಿಸಿನೀರಿಗೆಂದು ಒಲೆ ಹಚ್ಚಲು ಕೂತಳು. ಭಾವ ಓಡಿಬಂದ.

"ಅಲ್ಲಿ ಹಚ್ಚಬ್ಯಾಡ ಕಣಮ್ಮ! ಗಾಳಿ ಈ ಕಡೆ ಬೀಸ್ತೈತೆ. ಹುಳಕ್ಕೆ ಒಂಚೂರು ಹೊಗೆ ತಾಕಿದ್ರೂ ಸೊಪ್ಪು ಬಿಡ್ತವೆ, ಸತ್ತೋಗ್ತವೆ."

ಮಂಜುಳ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಹಾಗೇ ಕೂತಳು. "ಯಾರು ಹೇಳಿದ್ರು ಭಾವ?" ಎಂದಳು.

"ಯಾರು ಹೇಳ್ಬೇಕು? ಎಲ್ರಿಗೂ ಗೊತ್ತಿರೋದೇ ಅಲ್ವಾ," ಎಂದು ಭಾವ ನಕ್ಕು, ಒಲೆಯ ಕಲ್ಲುಗಳನ್ನು ಕಾಲಿನಿಂದ ದೂರಕ್ಕೆ ತಳ್ಳಿದ.

ಆಮೇಲಿನ ದಿನಗಳು ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲಿ ಬರುವುದರಲ್ಲೇ ಸವೆದವು. ದಿನವೂ ಸಂಜೆ ವ್ಯಾನು ಇಳಿದವಳೇ ಮಂಜುಳ ಅತ್ತೆಗೆ ಫೋನು ಮಾಡುತ್ತಿದ್ದಳು. ಕೂಸು ಉಂಡಿತೇ, ಮಲಗಿತೇ ಎಂದು ಬೇರೆ ತಾಯಂದಿರು ಕೇಳಿದರೆ, ಇವಳು ಕೇಳುತ್ತಿದ್ದುದು, "ಒಲಿ ಎಲ್ಲಿ ಹಚ್ಚಿದ್ರಿ?" ಎಂದು. ಬೇಸಿಗೆಯುದ್ದಕ್ಕೂ ಮೂಕಮ್ಮ, "ಹೊರಗ ಹಚ್ಚೀನವ್ವ, ಬೇವಿನ ಮರದ ಕೆಳಗ," ಎನ್ನುತ್ತಿದ್ದಳು. ಒಮ್ಮೊಮ್ಮೆ ಗಂಗೋತ್ರಿಯ ನಗುವೂ ಕೇಳುತ್ತಿತ್ತು. ಮಂಜುಳ ಅದನ್ನು ಕೇಳಿ ಉಣ್ಣಲು ಕೂರುತ್ತಿದ್ದಳು.

ಆಷಾಢ ಹಿಡಿಯಿತು. ಆ ಸೀಮೆಗೆ ಅಪರೂಪವಾಗಿ ಮಳೆ ಕಟ್ಟಿಕೊಂಡು ಹೊಡೆಯತೊಡಗಿತು. ಜನ ಸಂತೋಷಪಟ್ಟರು, ಶೇಂಗಾ ಬಿತ್ತನೆಗೆ ಹದವಾಯಿತು ಎಂದರು. ಒಂದು ಸಂಜೆ ಮಂಜುಳ ಅಕ್ಕನ ಮನೆಯ ಜಗುಲಿಯಲ್ಲಿ ನಿಂತು ಫೋನು ಹಚ್ಚಿದಳು. ಅತ್ತ ಎತ್ತಿಕೊಂಡ ಕೂಡಲೇ ತಗಡಿನ ಮೇಲೆ ಮಳೆ ಬೀಳುವ ಸದ್ದು ಕಿವಿ ತುಂಬಿತು.

"ಅತ್ತಿ, ಅಡಗಿ ಆತೇನು?"

"ಆತವ್ವ, ಈಗಷ್ಟ ಮುದ್ದಿ ತೊಳಸಿದೆ."

"ಒಲಿ ಎಲ್ಲಿ ಹಚ್ಚಿದ್ರಿ?"

"ಹೊರಗ ಹಚ್ಚೀನವ್ವ," ಎಂದಳು ಮೂಕಮ್ಮ.

ಮಳೆ ತಗಡನ್ನು ಬಡಿಯುತ್ತಲೇ ಇತ್ತು. ಅಂಥ ಮಳೆಯಲ್ಲಿ ಬೇವಿನ ಮರದ ಕೆಳಗೆ ಒಂದು ಕಡ್ಡಿಯೂ ಹತ್ತುವುದಿಲ್ಲ ಎಂಬುದು ಮಂಜುಳಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಮೂಕಮ್ಮನಿಗೂ ಗೊತ್ತಿತ್ತು. ಹೊರಗೆ ಒಂದು ಮಾಡು ಹಾಕಿಸಿಕೊಡಬೇಕಾಗಿತ್ತು. ಹಾಕಿಸಲು ಗಂಡ ಊರಲ್ಲಿರಲಿಲ್ಲ, ತಾನೂ ಇರಲಿಲ್ಲ. ಸುಳ್ಳು ಹೇಳಬೇಡಿ ಎನ್ನೋಣವೆಂದರೆ, ಹಾಗಾದರೆ ಕೂಸಿಗೆ ಏನು ಉಣಿಸಲಿ ಎಂದು ಆಕೆ ಕೇಳಿದರೆ ಹೇಳುವುದಕ್ಕೇನಿತ್ತು?

"ಸರಿ ಅತ್ತಿ," ಎಂದಳು.

ಫೋನು ಇಡುವ ಮುನ್ನ, ಅತ್ತೆಯ ಮಾತಿನ ಹಿಂದೆ, ಮಳೆಯ ಸದ್ದಿನ ನಡುವೆ, ಕೂಸು ಒಮ್ಮೆ ಕೆಮ್ಮಿತು. ಮಂಜುಳ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಮ್ಮೆ ಕೆಮ್ಮುವುದೇ ಎಂದು ಉಸಿರು ಹಿಡಿದು ನಿಂತಳು.